ಕೆನಡಾ ವೀಸಾಕ್ಕೆ ಏಜೆಂಟ್ ದುಡ್ಡು ಹಾಕಿ ತೋರಿಸ್ತೀನಿ ಅಂತಾನೆ, ಒಪ್ಪಲಾ?

ಧಾರವಾಡ, ಸಪ್ತಾಪುರ: ಮಗಳಿಗೆ ಕೆನಡಾದಲ್ಲಿ ಸೀಟು ಸಿಕ್ಕಿದೆ. ಖಾತೆಯಲ್ಲಿ ತೋರಿಸಲು ದುಡ್ಡು ಸಾಲದು. ಏಜೆಂಟ್ ಒಂದು ತಿಂಗಳ ಮಟ್ಟಿಗೆ ತಾನೇ ಹಾಕ್ತಾನಂತೆ, ಬಡ್ಡಿ ಕೊಡಬೇಕಂತೆ. ಯಾರಾದರೂ ಹೀಗೆ ಮಾಡಿದ್ದೀರಾ?

ಬ್ಯಾಡಗಿ: ನಮ್ಮ ಮಗ ಇಂಗ್ಲೆಂಡಿಗೆ ಅರ್ಜಿ ಹಾಕಿದ್ದು 2024ರಲ್ಲಿ. ಎಲ್ಲಾ ಮೆಣಸಿನಕಾಯಿ ಮಾರಿದ ದುಡ್ಡು. ಅಲ್ಲಿಗೆ ಸತತ 28 ದಿನ ಖಾತೆಯಲ್ಲಿ ಹಣ ಇರಬೇಕು. 19ನೇ ದಿನ ಟ್ರ್ಯಾಕ್ಟರ್ ಕಂತು ತಾನಾಗಿ ಕಟ್ ಆಯ್ತು. ಬೇಕಾದ ಮೊತ್ತಕ್ಕೆ 11,000 ರೂಪಾಯಿ ಕಡಿಮೆ, ಅದೂ ಮೂರೇ ದಿನ. ನಾಲ್ಕನೇ ದಿನ ತುಂಬಿದೆ. ಎಣಿಕೆ ಮತ್ತೆ ಒಂದರಿಂದ ಶುರು ಅಂತ ಯಾರೂ ಹೇಳಲಿಲ್ಲ. ವೀಸಾ ರಿಜೆಕ್ಟ್. 490 ಪೌಂಡ್ ಶುಲ್ಕ ಹೋಯ್ತು, ಆರೋಗ್ಯದ ಸರ್ಚಾರ್ಜ್ ಮಾತ್ರ ವಾಪಸ್ ಬಂತು. ಬೆಂಗಳೂರಿಗೆ ಓಡಾಡಿದ್ದು ಬೇರೆ. ಸೆಪ್ಟೆಂಬರ್ ಕ್ಲಾಸೂ ತಪ್ಪಿತು. ಪಾಸ್‌ಬುಕ್‌ನ ಆ ಸಾಲಿಗೆ ಮಗ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದಾನೆ. ಕಳ್ಳರಿಗೆ ಹಾಕಿದ ಬಲೆಯಲ್ಲಿ ನಾವು ಬಿದ್ದೆವು.

ಹುಬ್ಬಳ್ಳಿ, ವಿದ್ಯಾನಗರ: ಬಿಗಿ ಇರಲೇಬೇಕು ಅಣ್ಣಾರೆ. 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶ ಪತ್ರದ ಗಲಾಟೆ ಆಯ್ತಲ್ವಾ? ಆ ಡಿಸೆಂಬರ್‌ನಿಂದ ಪ್ರತಿ ಪತ್ರವನ್ನೂ ಕಾಲೇಜೇ ಖಚಿತ ಮಾಡಬೇಕು. ಒಳ್ಳೆಯದೇ ಆಯ್ತು. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಮಗನ ಖರ್ಚಿಗೆ ತೋರಿಸಬೇಕಾದ ದುಡ್ಡು 10,000 ಕೆನಡಾ ಡಾಲರ್ ಅಂತ ಲೆಕ್ಕ ಹಾಕಿದ್ದೆ, 2024ರ ಜನವರಿಯಿಂದ 20,635 ಆಯ್ತು. ತವರಿನ ಪಾಟಲಿ ಅಡವಿಟ್ಟೆ. ಆ ದುಡ್ಡು ಅಲ್ಲಿ ಮಗನಿಗೇ ಕಂತಿನಲ್ಲಿ ಸಿಕ್ಕಿತು. ಬಡ್ಡಿ ಮಾತ್ರ ಇನ್ನೂ ನಾನೇ ಕಟ್ಟುತ್ತಿದ್ದೇನೆ.

ಗದಗ: ನಾನು ಜರ್ಮನಿಯಲ್ಲಿದ್ದೇನೆ. ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಗೆ, 11,904 ಯೂರೋ ಹಾಕಿದೆ, ತಿಂಗಳಿಗೆ 992 ಮಾತ್ರ ಕೈಗೆ. ಅಂಕಪಟ್ಟಿ ಪರಿಶೀಲನೆಗೆ ಎಪಿಎಸ್ ಅನ್ನೋ ಜರ್ಮನ್ ಕಚೇರಿಗೆ 18,000 ರೂಪಾಯಿ ಕಟ್ಟಿದೆ. ಎಲ್ಲಾ ನಾನೇ ಮಾಡಿಕೊಂಡೆ. ನಿಯಮ ಓದದೆ ಏಜೆಂಟರನ್ನು ನಂಬಿದವರು ಆಮೇಲೆ ನಿಯಮವನ್ನು ಬೈಯಬಾರದು.

ಬ್ಯಾಡಗಿ: ತಮ್ಮಾ, ನಾನು ಏಜೆಂಟ್ ಹತ್ತಿರ ಹೋಗೇ ಇಲ್ಲ. ಸರಿಯಾಗಿ ಓದು. ಸಂಬಳದ ಚೀಟಿ ಇದ್ದ ಮನೆಯವರಿಗೆ ಇದು ತಿಳಿಯಲ್ಲ. ನಮ್ಮ ಹತ್ತಿರ ದಲಾಲಿ ಅಂಗಡಿಯ ಪಟ್ಟಿ ಬಿಟ್ಟರೆ ಕಾಗದವೇ ಇಲ್ಲ.

ಗದಗ: ನಮ್ಮಪ್ಪನೂ ಉಳ್ಳಾಗಡ್ಡಿ ಬೆಳೆಯುವವರೇ. ಮನೆ ಮೇಲೆ ಬ್ಯಾಂಕ್ ಸಾಲ ತೆಗೆದೆವು, ಕಾಗದ ತಾನಾಗಿ ಬಂತು.

ಬ್ಯಾಡಗಿ: ಮನೆ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಲ್ಲಿದ್ದರೆ? ಯಾವ ಬ್ಯಾಂಕ್ ಕೊಡುತ್ತದೆ ಹೇಳು.

ಹುಬ್ಬಳ್ಳಿ, ವಿದ್ಯಾನಗರ: ಜಗಳ ಸಾಕು. ಸಪ್ತಾಪುರದ ಅಣ್ಣಾರೆ, ಏಜೆಂಟ್ ದುಡ್ಡು ಮುಟ್ಟಬೇಡಿ. ಸುಳ್ಳು ಅಂತ ಸಾಬೀತಾದರೆ ಕೆನಡಾ ನಿಮ್ಮ ಮಗಳನ್ನು 5 ವರ್ಷ ಒಳಗೆ ಬಿಡಲ್ಲ. ಏಜೆಂಟ್ ಅಂಗಡಿ ನಡೆದೇ ಇರುತ್ತದೆ. ಮತ್ತೆ, 2025ರ ಸೆಪ್ಟೆಂಬರ್‌ನಿಂದ ತೋರಿಸಬೇಕಾದ ಮೊತ್ತ 22,895 ಡಾಲರ್ ಆಗಿದೆ. ಫೀ ಬೇರೆ.