ನಾಝಲ್‌ನ ಒಳಬಾಯಿಗೆ ಕೊಡಬೇಕಾದದ್ದು ವೇಗವೋ, ಒತ್ತಡವೋ?

ಪ್ರಶ್ನೆ: ನಮಸ್ಕಾರ ಸರ್. ಕಿರಿದಾಗಿ ಮತ್ತೆ ಅಗಲವಾಗುವ ನಾಝಲ್‌ನಲ್ಲಿ ಗಾಳಿಯ ಹರಿವಿನ ಸಿಮ್ಯುಲೇಷನ್ ಮಾಡುತ್ತಿದ್ದೇನೆ. ಒಳಬಾಯಿ, ಹೊರಬಾಯಿ ಎರಡರ ವಿಸ್ತೀರ್ಣವೂ ಕಂಠದ (ನಡುವಿನ ಅತಿ ಕಿರಿದಾದ ಜಾಗದ) ಎರಡರಷ್ಟು. ಒಳಬಾಯಿಯಲ್ಲಿ ವೇಗ ಸೆಕೆಂಡಿಗೆ 150 ಮೀಟರ್, ತಾಪಮಾನ 300 ಕೆಲ್ವಿನ್; ಹೊರಬಾಯಿಯಲ್ಲಿ ಒತ್ತಡ 1 ಬಾರ್. ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದಿರುವ ದೋಷ) ಇಳಿಯುವುದಿಲ್ಲ, ಒಳಬಾಯಿಯ ಒತ್ತಡ ಏರುತ್ತಲೇ ಹೋಗುತ್ತದೆ. ಕೊರಾಂಟ್ ಸಂಖ್ಯೆ (ಕೋಶದ ಗಾತ್ರಕ್ಕೆ ಹೋಲಿಸಿ ಲೆಕ್ಕದ ಕಾಲದ ಹೆಜ್ಜೆ ಎಷ್ಟು ದೊಡ್ಡದು ಎಂಬ ಅಳತೆ) ತಗ್ಗಿಸಿದರೂ ಮೆಶ್ (ಲೆಕ್ಕದ ಕೋಶಗಳ ಜಾಲ) ಸೂಕ್ಷ್ಮಗೊಳಿಸಿದರೂ ಫಲವಿಲ್ಲ.

ಉತ್ತರ: ಮೆಶ್ ಮುಟ್ಟಬೇಡಿ. ನೀವು ಕೇಳುತ್ತಿರುವ ಸ್ಥಾಯಿ (ಕಾಲದೊಂದಿಗೆ ಬದಲಾಗದ) ಹರಿವು ಭೌತಿಕವಾಗಿಯೇ ಸಾಧ್ಯವಿಲ್ಲ.

300 ಕೆಲ್ವಿನ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಹಾಗಾಗಿ ನಿಮ್ಮ 150 ಎಂದರೆ ಮ್ಯಾಕ್ 0.43, ಅಂದರೆ ಶಬ್ದದ ವೇಗದ 0.43 ಪಾಲು. ಆದರೆ ಕಂಠ ಒಳಬಾಯಿಯ ಅರ್ಧದಷ್ಟಿದ್ದಾಗ, ಕಂಠದಲ್ಲಿ ಮ್ಯಾಕ್ 1 ಮುಟ್ಟುವ ಹೊತ್ತಿಗೆ ಒಳಬಾಯಿಯಲ್ಲಿ ಮ್ಯಾಕ್ ಸುಮಾರು 0.31 ಮಾತ್ರ. ಅದಕ್ಕಿಂತ ಹೆಚ್ಚನ್ನು ಆ ಕಂಠ ಬಿಟ್ಟುಕೊಡುವುದಿಲ್ಲ. ಹೋಗಲಾರದ ಗಾಳಿ ಒಳಗೇ ತುಂಬುತ್ತದೆ, ಒತ್ತಡ ಏರುತ್ತದೆ. ಸಾಲ್ವರ್ (ಲೆಕ್ಕ ಮಾಡುವ ತಂತ್ರಾಂಶ) ನಿಮಗೆ ಸತ್ಯವನ್ನೇ ಹೇಳುತ್ತಿದೆ.

ಒಳಬಾಯಿಯಲ್ಲಿ ಒಟ್ಟು ಒತ್ತಡ, ಒಟ್ಟು ತಾಪಮಾನ (ಹರಿವನ್ನು ನಷ್ಟವಿಲ್ಲದೆ ನಿಲ್ಲಿಸಿದರೆ ಸಿಗುವ ಒತ್ತಡ, ತಾಪಮಾನ), ಹರಿವಿನ ದಿಕ್ಕು ಕೊಡಿ. ವೇಗವನ್ನು ಹರಿವೇ ಕಂಡುಕೊಳ್ಳಲಿ. ಶಬ್ದಕ್ಕಿಂತ ನಿಧಾನವಾದ ಹರಿವಿನಲ್ಲಿ ಒಂದು ಒತ್ತಡದ ಅಲೆ ಒಳಗಿನಿಂದ ಒಳಬಾಯಿಯವರೆಗೆ ಹಿಂದಕ್ಕೆ ಬರುತ್ತದೆ. ಅದಕ್ಕೆಂದು ಒಂದು ಪರಿಮಾಣವನ್ನು ಮುಕ್ತವಾಗಿ ಬಿಡಲೇಬೇಕು. ಸಾಲ್ವರ್ ಕೇಳುವುದು ಗೇಜ್ ಒತ್ತಡವೋ (ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದು) ನಿರಪೇಕ್ಷ ಒತ್ತಡವೋ (ಸೊನ್ನೆಯಿಂದ ಅಳೆದದ್ದು) ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಒಟ್ಟು ಒತ್ತಡ 5 ಬಾರ್ ಕೊಟ್ಟೆ, ಲೆಕ್ಕ ಚೆನ್ನಾಗಿ ಒಮ್ಮುಖವಾಯಿತು (ಒಂದು ಸ್ಥಿರ ಉತ್ತರಕ್ಕೆ ಬಂತು). ಧನ್ಯವಾದಗಳು ಸರ್. ಆದರೆ ಅದೇ ಫಲಿತಾಂಶದಿಂದ ಮುಂದುವರಿಸಿ ಹೊರಬಾಯಿಯ ಒತ್ತಡವನ್ನು 2 ಬಾರ್, ಆಮೇಲೆ 4 ಬಾರ್ ಮಾಡಿದರೂ ಏನೂ ಬದಲಾಗಲಿಲ್ಲ. ಘರ್ಷಣೆಯನ್ನು ಸೇರಿಸಿಲ್ಲ.

ಉತ್ತರ: 2 ಬಾರ್‌ಗೆ ಬದಲಾಗದಿರುವುದು ಸರಿ, 4 ಬಾರ್‌ಗೆ ಬದಲಾಗದಿರುವುದು ತಪ್ಪು.

ಈಗ ಹೊರಬಾಯಿಯಲ್ಲಿ ಹರಿವು ಶಬ್ದಾತೀತ, ಸುಮಾರು ಮ್ಯಾಕ್ 2.2; ಅಲ್ಲಿನ ಒತ್ತಡ 0.47 ಬಾರ್. ಅಲ್ಲಿಂದ ಯಾವ ಸುದ್ದಿಯೂ ಹಿಂದಕ್ಕೆ ಹೋಗಲಾರದು. ಆದ್ದರಿಂದ ನೀವು ಕೊಟ್ಟ ಒತ್ತಡವನ್ನು ಸಾಲ್ವರ್ ಓದುವುದೇ ಇಲ್ಲ. ಆದರೆ ಸುಮಾರು 2.57 ಬಾರ್ ದಾಟಿದರೆ ಶಾಕ್ (ಹರಿವು ಥಟ್ಟನೆ ಶಬ್ದಕ್ಕಿಂತ ನಿಧಾನವಾಗಿ ಒತ್ತಡ ಜಿಗಿಯುವ ತೆಳು ಪದರ) ನಾಝಲ್‌ನ ಒಳಗೆ ನಿಲ್ಲಬೇಕು. ಹಳೆಯ ಶಬ್ದಾತೀತ ಫಲಿತಾಂಶದಿಂದ ಆರಂಭಿಸಿದ್ದರಿಂದಲೇ ನಿಮಗೆ ಅದು ಸಿಗಲಿಲ್ಲ.

ಎದುರು ದಿಕ್ಕಿನಿಂದ ಬನ್ನಿ. 4.8 ಬಾರ್‌ನಿಂದ ಹೊಸದಾಗಿ ಆರಂಭಿಸಿ. ಆಗ ಇಡೀ ಹರಿವು ಶಬ್ದಕ್ಕಿಂತ ನಿಧಾನವಾಗಿರುತ್ತದೆ. ಆಮೇಲೆ 4.6, 4.4 ಎಂದು ಇಳಿಸುತ್ತಾ 4ಕ್ಕೆ ತನ್ನಿ. 4.69ರ ಕೆಳಗೆ ಕಂಠ ಕಟ್ಟಿಕೊಂಡು (ಅಲ್ಲಿ ಮ್ಯಾಕ್ 1 ಮುಟ್ಟಿ ಹರಿವು ಮಿತಿಗೆ ಬಂದು) ಶಾಕ್ ಹುಟ್ಟುತ್ತದೆ. ಅಷ್ಟರವರೆಗೆ ಮೊದಲ ದರ್ಜೆಯ ಸ್ಕೀಮ್ (ನಿಖರತೆ ಕಡಿಮೆ, ಸ್ಥಿರತೆ ಹೆಚ್ಚು ಇರುವ ಲೆಕ್ಕದ ವಿಧಾನ), ಕೊರಾಂಟ್ ಸಂಖ್ಯೆ 1ರ ಆಸುಪಾಸು ಸಾಕು. ಶಾಕ್ ನೆಲೆಯಾದ ಮೇಲೆ ಎರಡನೆಯ ದರ್ಜೆಗೆ ಹೋಗಿ.

ಆಗ ರೆಸಿಡ್ಯುಯಲ್ ಒಂದು ಮಟ್ಟದಲ್ಲಿ ನಿಂತು ತೂಗಾಡಬಹುದು. ಶಾಕ್ ಬಳಿ ಲಿಮಿಟರ್ (ಸುಳ್ಳು ಏರಿಳಿತಗಳನ್ನು ತಡೆಯುವ ಲೆಕ್ಕದ ಭಾಗ) ಹಾಗೆ ಮಾಡುವುದುಂಟು. ಶಾಕ್‌ನ ಜಾಗ ಕದಲದಿದ್ದು, ಒಳಗೆ ಹೋದ ಗಾಳಿಯೂ ಹೊರಬಂದ ಗಾಳಿಯೂ ಸರಿಹೊಂದಿದರೆ ನಾನು ಒಪ್ಪಿಕೊಳ್ಳುತ್ತೇನೆ. ಒಟ್ಟು ತಾಪಮಾನ 300 ಕೆಲ್ವಿನ್ ಇದ್ದರೆ, ಕಂಠದ ಪ್ರತಿ ಚದರ ಸೆಂಟಿಮೀಟರ್‌ಗೆ ಸೆಕೆಂಡಿಗೆ ಸುಮಾರು 0.117 ಕಿಲೋಗ್ರಾಂ ಬರಬೇಕು. ತಾಳೆ ನೋಡಿ ಬರೆಯಿರಿ.