ಅಪ್‌ಡೇಟ್: ಕೊನೆಗೆ 3-9×40 ಸ್ಕೋಪನ್ನೇ ತಗೊಂಡೆ

ಬೇಟೆಗೂ ಶೂಟಿಂಗ್ ರೇಂಜಿಗೂ ಒಂದೇ ಸ್ಕೋಪ್ (ಬಂದೂಕಿನ ಮೇಲಿನ ದುರ್ಬೀನು) ಬೇಕು, 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 40 ಮಿ.ಮೀ.) ತಗೊಳ್ಳಲಾ 4-16×50 ತಗೊಳ್ಳಲಾ ಅಂತ ಕೇಳಿದ್ದೆ ಅಲ್ವಾ? ಮಬ್ಬುಗತ್ತಲಲ್ಲಿ ಎರಡನ್ನೂ ನೋಡಿದೆ. ದೊಡ್ಡದನ್ನು 16ಕ್ಕೆ ತಿರುಗಿಸಿದರೆ ಚಿತ್ರ ಮಂಕು, ತಲೆ ಚೂರು ಸರಿದರೂ ಕಪ್ಪು ನೆರಳು. 50ನ್ನು 16ರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ವೃತ್ತ ಬರೀ 3 ಮಿ.ಮೀ. ಚಿಲ್ಲರೆ. ಅದನ್ನೇ ಕಮ್ಮಿ ಪವರ್‌ಗೆ ಇಳಿಸಬಹುದು, ನಿಜ. ಆದರೆ ಆ ಭಾರ ಸುಮ್ನೆ ಯಾಕೆ ಹೊರಬೇಕು?

100 ಗಜಕ್ಕೆ 9 ಧಾರಾಳ ಸಾಕು. ಗುಂಡು 2 ಇಂಚು ಕೆಳಗೆ ಬೀಳುತ್ತಿತ್ತು. ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಕಾಲು ಎಂಒಎ (ಕೋನದ ಅಳತೆ; 1 ಎಂಒಎ ಅಂದರೆ 100 ಗಜದಲ್ಲಿ ಸುಮಾರು 1 ಇಂಚು), 8 ಕ್ಲಿಕ್ ತಿರುಗಿಸಿದೆ, ಸರಿಹೋಯಿತು.

ಒಂದೇ ಕಿರಿಕಿರಿ. ರೆಟಿಕಲ್ (ಒಳಗೆ ಕಾಣುವ ಗುರಿಗೆರೆ) ಎರಡನೇ ಫೋಕಲ್ ಪ್ಲೇನ್‌ನದು, ಅಂದರೆ ಪವರ್ ಬದಲಿಸಿದರೂ ಗೆರೆಯ ಗಾತ್ರ ಬದಲಾಗಲ್ಲ; ದೂರಕ್ಕೆ ಹೊಡೆಯಲು ಕೊಟ್ಟಿರುವ ಕೆಳಗಿನ ಗುರುತುಗಳು 9ರಲ್ಲಿ ಮಾತ್ರ ಸರಿ, ಕಮ್ಮಿ ಪವರ್‌ನಲ್ಲಿ ಅವು ಬೇಕಾದ್ದಕ್ಕಿಂತ ಮೇಲಕ್ಕೆ ಗುರಿಯಿಡಿಸುತ್ತವೆ. ಮರೆತು 5ರಲ್ಲಿಟ್ಟು ದೂರಕ್ಕೆ ಹೊಡೆದೆ. ಗುಂಡು ಗುರಿಯ ಮೇಲೆ ಹಾರಿಹೋಯಿತು!