ಸಹಾಯ ಬೇಕು: ಮಗಳಿಗೆ ಬೇಸಿಗೆ ಕುದುರೆ ಸವಾರಿ ಶಿಬಿರ, ಮೈಸೂರು ಅಥವಾ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾವಿರೋದು ಮೈಸೂರಲ್ಲಿ, ಮಗಳಿಗೆ ಒಂಬತ್ತು ವರ್ಷ. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ದಳ ನೋಡಿದಾಗಿಂದ ಒಂದೇ ಹಟ, ಕುದುರೆ ಹತ್ತಬೇಕು ಅಂತ. ಅಂಬಾರಿ ಬಂದಾಗಲೂ ಇವಳ ಕಣ್ಣು ಕುದುರೆ ಹಿಂದೆಯೇ! ಸಾಲದ್ದಕ್ಕೆ, 2018ರ ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರೇ ಅಂತ ಇವಳಪ್ಪ ಬೇರೆ ಹೇಳಿಬಿಟ್ಟಿದ್ದಾರೆ.

ಹೋದ ವರ್ಷ ಒಂದು ಕಡೆ ಸೇರಿಸಿ ಬೇಜಾರಾಯ್ತು. ಹೆಲ್ಮೆಟ್ ಕಿವಿ ಮೇಲೆ ಜಾರ್ತಿತ್ತು, ಗದ್ದದ ಪಟ್ಟಿ ಕಿತ್ತುಹೋಗಿತ್ತು. ಚಪ್ಪಲಿಯಲ್ಲೇ ಹತ್ತಿಸಿದ್ರು. ಹಿಮ್ಮಡಿ ಇರೋ ಶೂ ಹಾಕದಿದ್ರೆ ಪಾದ ರಿಕಾಬಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡೋ ಬಳೆ) ಜಾರಿ ಸಿಕ್ಕಿಹಾಕಿಕೊಳ್ಳುತ್ತೆ, ಬಿದ್ದರೆ ಕುದುರೆ ಎಳ್ಕೊಂಡೇ ಹೋಗುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಎರಡು ಸುತ್ತು, ಒಂದು ಫೋಟೋ, ಮುಗೀತು.

ನನಗೆ ಬೇಕಿರೋದು ಫೋಟೋ ಅಲ್ಲ. ಮೊದಲು ಲಾಯಕ್ಕೆ ಕರ್ಕೊಂಡು ಹೋಗಿ ಮೈ ಉಜ್ಜೋದು, ಗೊರಸು ಚೊಕ್ಕ ಮಾಡೋದು, ಹಿಂದಿನಿಂದ ಸದ್ದಿಲ್ಲದೆ ಹತ್ತಿರ ಹೋಗಬಾರದು ಅನ್ನೋದು ಕಲಿಸಬೇಕು. ಶುರುವಿಗೆ ಉದ್ದ ಹಗ್ಗ ಹಿಡಿದು ವೃತ್ತದಲ್ಲಿ ನಡೆಸುವ ತರಬೇತುದಾರರಿರಬೇಕು. ಏಪ್ರಿಲ್ ಬಿಸಿಲಲ್ಲಿ ಮಗುವಿಗೂ ಕುದುರೆಗೂ ಕಷ್ಟ, ಹಾಗಾಗಿ ಬೆಳಗ್ಗೆ ಎಂಟರೊಳಗೆ ಮುಗಿದರೆ ವಾಸಿ.

ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಈ ಸಲ ಮಕ್ಕಳ ಶಿಬಿರ ಇದೆಯಾ? ಅರ್ಜಿ ಎಲ್ಲಿ ಕೊಡಬೇಕು? ಬೆಂಗಳೂರಾದರೆ ಜಾಲಹಳ್ಳಿಯಲ್ಲಿ ನಮ್ಮಕ್ಕನ ಮನೆ ಇದೆ, ಎರಡು ವಾರ ಇರಬಹುದು. ಎಂಬೆಸಿ ರೈಡಿಂಗ್ ಸ್ಕೂಲಿಗೆ ಮಕ್ಕಳನ್ನ ಕಳಿಸಿದವರು ಯಾರಾದರೂ ಇದ್ದರೆ ಶುಲ್ಕ, ಕಲಿಸೋ ರೀತಿ ಎರಡೂ ತಿಳಿಸಿ. ಹೆಲ್ಮೆಟ್ ನಾವೇ ಕೊಳ್ಳಬೇಕಾ, ಸೈಕಲ್ಲಿಂದು ಆಗಲ್ಲ ಅಲ್ವಾ?